ಬೋರ್ಡಿನ ಮೇಲೆ ಮೇಷ್ಟ್ರ ಹೆಸರು

ಶಾಲೆಗೆ ಮೇಷ್ಟ್ರ ಹೆಸರಿಡಬೇಕು ಅನ್ನೋ ಮಾತು ಸಾಮಾನ್ಯವಾಗಿ ಊಟ ಆದ ಮೇಲೆ ಬರುತ್ತದೆ.

ಗುರುವಂದನೆ ಕಾರ್ಯಕ್ರಮಕ್ಕೆ ಹೋದವರಿಗೆ ಇದು ಗೊತ್ತು. ಬೆಳಿಗ್ಗೆ ಮೇಷ್ಟ್ರನ್ನು ತೆರೆದ ಜೀಪಿನಲ್ಲಿ ಕೂರಿಸಿ ಮೆರವಣಿಗೆ. ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಒಬ್ಬೊಬ್ಬರಾಗಿ ಮೈಕ್ ಹಿಡಿದು 'ಅವತ್ತು ಸಾರ್ ಕೊಟ್ಟ ಏಟಿನಿಂದಲೇ ಇವತ್ತು ಇಲ್ಲಿದ್ದೇನೆ' ಅನ್ನುತ್ತಾರೆ. ಹೋಳಿಗೆ ಊಟ ಮುಗಿದು, ಅರ್ಧ ಜನ ಬಸ್ಸಿಗೆ ಹೊರಟ ಹೊತ್ತಿಗೆ ಯಾರೋ ಎದ್ದು ನಿಲ್ಲುತ್ತಾರೆ. 'ನಮ್ಮ ಶಾಲೆಗೆ ಸಾರ್ ಹೆಸರನ್ನೇ ಇಡಬೇಕು.' ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಮಾತ್ರ ತಲೆ ತಗ್ಗಿಸಿ ಶಾಲಿನ ಅಂಚು ಸರಿ ಮಾಡಿಕೊಳ್ಳುತ್ತಾ ಕೂತಿರುತ್ತಾರೆ.

ನಾನು ಓದಿದ ಹಳ್ಳಿ ಶಾಲೆಯ ವಾಟ್ಸಾಪ್ ಗುಂಪಿನಲ್ಲೂ ಹೀಗೇ ಆಯಿತು. ಎರಡು ದಿನ ಬರೀ ಕೈಮುಗಿದ ಚಿತ್ರಗಳು. ಮೂರನೇ ದಿನ ಒಬ್ಬ ಕೇಳಿದ: 'ಹಾಗಾದ್ರೆ ಗಣಿತದ ಮೇಡಂ ಏನು ತಪ್ಪು ಮಾಡಿದ್ರು?' ಗುಂಪು ತಣ್ಣಗಾಯಿತು.

ಅವನು ಕಿಡಿಗೇಡಿತನಕ್ಕೆ ಕೇಳಿದ್ದೇ ಇರಬಹುದು. ಆದರೆ ಕೇಳಿದ್ದು ಸರಿಯಾಗಿತ್ತು. ಶಾಲೆಗೆ ಯಾರ ಹೆಸರು, ಯಾಕೆ ಅವರದ್ದೇ, ಅದನ್ನು ತೀರ್ಮಾನ ಮಾಡೋರು ಯಾರು? ಈ ಮೂರಕ್ಕೂ ಉತ್ತರ ಇಲ್ಲದೆ ಬೋರ್ಡು ಏರಿಸಿದರೆ ಏನಾಗುತ್ತದೆ ಅಂತ ತಿಳಿಯೋಕೆ ನಾನು ಸ್ವಲ್ಪ ದೂರದ ಒಂದು ಊರಿಗೆ ಕರೆದುಕೊಂಡು ಹೋಗಬೇಕು.

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ಪೊಟೊಮ್ಯಾಕ್ ನದಿ ದಾಟಿದರೆ ಅಲೆಕ್ಸಾಂಡ್ರಿಯಾ ಸಿಗುತ್ತದೆ. ವರ್ಜೀನಿಯಾ ರಾಜ್ಯದ ಹಳೇ ಊರು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಶಾಲಾ ಮಂಡಳಿ ಎರಡು ಶಾಲೆಗಳಿಗೆ ಒಟ್ಟಿಗೇ ಹೊಸ ಹೆಸರು ಆರಿಸಿತು. ಒಂದು ಶಾಲೆಯ ಬೋರ್ಡಿನಿಂದ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರ ಹೆಸರು ಇಳಿಯಿತು. ಇನ್ನೊಂದು ಶಾಲೆಯ ಬೋರ್ಡಿಗೆ ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರ ಹೆಸರು ಏರಿತು. ಇಬ್ಬರೂ ಅದೇ ಊರಿನ ಮಕ್ಕಳ ಓದಿಗೆ ಸಂಬಂಧಪಟ್ಟವರೇ.

ಇಳಿದ ಹೆಸರು ಟಿ.ಸಿ. ವಿಲಿಯಮ್ಸ್. ಈತ ಸುಮಾರು 30 ವರ್ಷ ಆ ಊರಿನ ಶಾಲೆಗಳ ಸೂಪರಿಂಟೆಂಡೆಂಟ್. ನಮ್ಮ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲೆಗಳ ಮೇಲಧಿಕಾರಿ, ಇದ್ದ ಹಾಗೆ ಅಂದುಕೊಳ್ಳಿ, ಅಧಿಕಾರ ಮಾತ್ರ ಇನ್ನೂ ಜಾಸ್ತಿ. 1963ರಲ್ಲಿ ನಿವೃತ್ತಿ. 1965ರಲ್ಲಿ ಹೊಸ ಹೈಸ್ಕೂಲ್ ಶುರುವಾದಾಗ ಅದಕ್ಕೆ ಅವರದೇ ಹೆಸರು. ಮೂವತ್ತು ವರ್ಷ ಸೇವೆ ಮಾಡಿದವರಿಗೆ ಒಂದು ಗೌರವ, ಅದರಲ್ಲೇನು ತಪ್ಪು ಅಂತ ಅನ್ನಿಸುತ್ತದೆ, ಅಲ್ವಾ?

ಆ ಮೂವತ್ತು ವರ್ಷದಲ್ಲಿ ಏನು ಮಾಡಿದರು ಅನ್ನೋದನ್ನು ನೋಡಬೇಕು. ಆಗ ವರ್ಜೀನಿಯಾದಲ್ಲಿ ಬಿಳಿ ಮಕ್ಕಳಿಗೆ ಬೇರೆ ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಇದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ವಿಲಿಯಮ್ಸ್ ಮಕ್ಕಳನ್ನು ಒಟ್ಟಿಗೆ ಕೂರಿಸೋಕೆ ಒಪ್ಪಲಿಲ್ಲ. 1958ರಲ್ಲಿ ಕೆಲವು ಕಪ್ಪು ಪೋಷಕರು ಕೋರ್ಟಿಗೆ ಹೋದರು. ಅವರಲ್ಲಿ ಬ್ಲಾಯ್ಸ್ ಹಂಡ್ಲಿ ಅನ್ನೋ ತಾಯಿ ಒಬ್ಬರು. ಆಕೆ ಊರಿನ ಒಂದು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರು. ಸೂಪರಿಂಟೆಂಡೆಂಟ್ ಆಕೆಯನ್ನು ಕೆಲಸದಿಂದಲೇ ತೆಗೆದರು. ಕೊನೆಗೆ 1959ರಲ್ಲಿ ಕೋರ್ಟಿನ ಆದೇಶದ ಬಲದಿಂದ ಒಂಬತ್ತು ಕಪ್ಪು ಮಕ್ಕಳು ಬಿಳಿಯರ ಶಾಲೆಗಳಿಗೆ ಕಾಲಿಟ್ಟರು.

ಶಾಲೆಗೆ ಹೆಸರು ಬಂದದ್ದು ಇದೆಲ್ಲ ಆಗಿ ಆರು ವರ್ಷಕ್ಕೆ. ಹೆಸರಿಟ್ಟವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಅಡ್ಡಿ ಅನ್ನಿಸಲಿಲ್ಲ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. 1971ರಲ್ಲಿ ಊರಿನ ಹೈಸ್ಕೂಲುಗಳ ದೊಡ್ಡ ತರಗತಿಗಳನ್ನೆಲ್ಲ ಒಂದೇ ಕಡೆ ಸೇರಿಸಿದರು. ಆ ಒಂದೇ ಕಡೆ ಅಂದರೆ ಟಿ.ಸಿ. ವಿಲಿಯಮ್ಸ್ ಶಾಲೆಯೇ. ಕಪ್ಪು ಮತ್ತು ಬಿಳಿ ಹುಡುಗರು ಒಂದೇ ಫುಟ್‌ಬಾಲ್ ತಂಡದಲ್ಲಿ ಆಡಿ ಆ ವರ್ಷ ರಾಜ್ಯಕ್ಕೇ ಚಾಂಪಿಯನ್ ಆದರು. 2000ದಲ್ಲಿ ಹಾಲಿವುಡ್ ಅದರ ಮೇಲೆ ಸಿನಿಮಾ ಮಾಡಿತು. ಮಕ್ಕಳನ್ನು ಬೇರೆಬೇರೆ ಇಡಬೇಕು ಅಂದವರ ಹೆಸರಿನ ಶಾಲೆ, ಒಟ್ಟಿಗೆ ಬೆರೆತ ಮಕ್ಕಳ ಕಥೆಗೆ ಪ್ರಸಿದ್ಧವಾಯಿತು. ಊರಿನವರ ಬಾಯಲ್ಲಿ ಶಾಲೆ ಬರೀ 'ಟಿ.ಸಿ.' ಆಯಿತು. ಆ ಎರಡು ಅಕ್ಷರದ ಹಿಂದೆ ಒಬ್ಬ ಮನುಷ್ಯ ಇದ್ದ, ಅವನು ಹೀಗೆ ಮಾಡಿದ್ದ ಅನ್ನೋದು ಅಲ್ಲಿ ಓದಿದ ಎಷ್ಟೋ ಮಕ್ಕಳಿಗೆ ತಲುಪಲೇ ಇಲ್ಲ.

ಕನ್ನಡದ ಕಿವಿಗೆ ಟಿ.ಸಿ. ಅಂದರೆ ಬೇರೆಯೇ ಅರ್ಥ. ಹುಡುಗ ಜಾಸ್ತಿ ತರಲೆ ಮಾಡಿದರೆ ಹೆಡ್‌ಮಾಸ್ಟರ್ ಹೆದರಿಸೋ ಮಾತು ಅದು. ಅಲೆಕ್ಸಾಂಡ್ರಿಯಾದ ಜನ ಕೊನೆಗೆ ಆ ಹೆಸರಿಗೇ ಟಿ.ಸಿ. ಕೊಟ್ಟು ಕಳಿಸಿದರು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವಾಗಿ ದೇಶವೆಲ್ಲ ಹೊತ್ತಿಕೊಂಡ ಮೇಲೆ ಹಳೇ ಬೇಡಿಕೆ ಮತ್ತೆ ಎದ್ದಿತು. ನವೆಂಬರ್‌ನಲ್ಲಿ ಮಂಡಳಿ ಹೆಸರು ತೆಗೆಯೋಕೆ ಒಪ್ಪಿತು. ಆಗಿನ ಸೂಪರಿಂಟೆಂಡೆಂಟ್ ಸ್ವತಃ ಅದೇ ಶಾಲೆಯ ಹಳೇ ವಿದ್ಯಾರ್ಥಿ, ಕಪ್ಪು ಸಮುದಾಯದವರು. ವಿಲಿಯಮ್ಸ್ ಕೂತಿದ್ದ ಕುರ್ಚಿ ಈಗ ಅವರದು. 2021ರ ಜುಲೈ 1ರಿಂದ ಅದು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್. ಯಾವ ವ್ಯಕ್ತಿಯ ಹೆಸರೂ ಇಲ್ಲ. ಒಮ್ಮೆ ಕೈ ಸುಟ್ಟುಕೊಂಡವರು ಊರಿನ ಹೆಸರೇ ಸಾಕು ಅಂದರು.

ಎರಡನೇ ಶಾಲೆಗೆ ಮಾತ್ರ ಧೈರ್ಯ ಮಾಡಿದರು. ಅದು ಪುಟ್ಟ ಪ್ರಾಥಮಿಕ ಶಾಲೆ. ಅದಕ್ಕಿದ್ದ ಹೆಸರು ಮ್ಯಾಥ್ಯೂ ಮೌರಿಯದು. ಮೌರಿ ಸಾಮಾನ್ಯ ಮನುಷ್ಯನಲ್ಲ. ಸಮುದ್ರದ ಗಾಳಿ, ಪ್ರವಾಹಗಳ ನಕ್ಷೆ ಮಾಡಿ ಹಡಗುಗಳ ಪ್ರಯಾಣದ ದಿನಗಳನ್ನೇ ಕಡಿಮೆ ಮಾಡಿದ ವಿಜ್ಞಾನಿ. ಆದರೆ 1861ರಲ್ಲಿ ಅಮೆರಿಕದ ನೌಕಾಪಡೆ ಬಿಟ್ಟು, ಗುಲಾಮಗಿರಿ ಉಳಿಸಿಕೊಳ್ಳೋಕೆ ಹೊರಟ ದಕ್ಷಿಣದ ರಾಜ್ಯಗಳ ಕಡೆ ಸೇರಿಕೊಂಡರು. ಅವರ ಜಾಗಕ್ಕೆ ಬಂದ ಹೆಸರು ನೇಯೊಮಿ ಎಲ್. ಬ್ರೂಕ್ಸ್.

ಯಾರು ಈ ಬ್ರೂಕ್ಸ್? ಅಲೆಕ್ಸಾಂಡ್ರಿಯಾದವರೇ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದ್ದ ಕಾಲದಲ್ಲಿ ಅಲ್ಲೇ ಬೆಳೆದು, ಓದಿ, ಅದೇ ಊರಿನ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವರು. ನಕ್ಷೆ ಮಾಡಲಿಲ್ಲ, ಯುದ್ಧ ಮಾಡಲಿಲ್ಲ, ಜಾಗ ದಾನ ಕೊಡಲಿಲ್ಲ. ಅಕ್ಷರ ಕಲಿಸಿದರು. ಅವರ ಹೆಸರು ಎತ್ತಿದ್ದು ಅವರನ್ನು ಬಲ್ಲ ಊರಿನ ಜನ.

ನನಗೆ ಇಲ್ಲಿ ಕಾಣುವ ವ್ಯತ್ಯಾಸ ಇದು. ವಿಲಿಯಮ್ಸ್ ಹೆಸರನ್ನು ಕೊಟ್ಟದ್ದು ಕುರ್ಚಿ, ಬ್ರೂಕ್ಸ್ ಹೆಸರನ್ನು ತಂದದ್ದು ಬೆಂಚು. ಮೇಲಿಂದ ಬಂದ ಹೆಸರನ್ನು ಕೆಳಗಿನವರು ಎಷ್ಟು ವರ್ಷ ಆದಮೇಲೂ ಎದ್ದು ಪ್ರಶ್ನೆ ಮಾಡಬಹುದು. ಕೆಳಗಿನಿಂದ ಬಂದದ್ದಕ್ಕೆ ಕನಿಷ್ಠ ಒಂದಷ್ಟು ಜನ ಸಾಕ್ಷಿ ಇರುತ್ತಾರೆ: 'ಹೌದು, ನನಗೆ ಕಲಿಸಿದ್ದು ಅವರೇ.'

ಹಾಗಂತ ಅಧಿಕಾರಿಗಳೆಲ್ಲ ಒಂದೇ ಅನ್ನೋಕಾಗಲ್ಲ. ನಮ್ಮಲ್ಲೇ ಧಾರವಾಡದ ಚನ್ನಬಸಪ್ಪನವರಿದ್ದರು. ಅವರೂ ಶಿಕ್ಷಣ ಇಲಾಖೆಯ ಅಧಿಕಾರಿಯೇ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಕನ್ನಡದ ಮಕ್ಕಳು ಶಾಲೆಯಲ್ಲಿ ಮರಾಠಿ ಓದಬೇಕಿದ್ದ ಕಾಲ ಅದು. ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಕನ್ನಡದಲ್ಲಿ ಪಾಠ ಹೇಳೋ ಮೇಷ್ಟ್ರುಗಳನ್ನು ಧಾರವಾಡದಲ್ಲಿ ತಯಾರು ಮಾಡಿದರು. 1881ರಲ್ಲಿ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಅವರು ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆಗಿದ್ದರು. ಆ 'ಡೆಪ್ಯುಟಿ' ಅನ್ನೋದು ಅವರ ಹೆಸರಿಗೇ ಅಂಟಿಕೊಂಡು ಇವತ್ತಿಗೂ ಡೆಪ್ಯುಟಿ ಚನ್ನಬಸಪ್ಪ ಅಂತಲೇ ಕರೆಯುತ್ತೇವೆ. ಎಷ್ಟು ಡೆಪ್ಯುಟಿಗಳು ಬಂದು ಹೋಗಿಲ್ಲ? ಒಬ್ಬರಿಗೆ ಮಾತ್ರ ಹುದ್ದೆಯೇ ಬಿರುದಾಯಿತು. ವಿಲಿಯಮ್ಸ್ ಕೈಯಲ್ಲೂ ಅಂಥದೇ ಕೀಲಿ ಇತ್ತು. ಒಬ್ಬರು ಬಾಗಿಲು ತೆಗೆದರು, ಇನ್ನೊಬ್ಬರು ಬೀಗ ಹಾಕಿಕೊಂಡು ಕೂತರು.

ಇನ್ನು ಕರ್ನಾಟಕದ ಬೋರ್ಡುಗಳನ್ನು ಓದುತ್ತಾ ಹೋಗೋಣ. ದಾನಿಗಳು, ದೇವರು, ಮಠದ ಸ್ವಾಮಿಗಳು, ಮಹಾರಾಜ, ಮಹಾರಾಣಿ, ರಾಜಕಾರಣಿಗಳು. ಮೇಷ್ಟ್ರುಗಳು? ಹುಡುಕಬೇಕು.

ಇದಕ್ಕೆ ನನಗೆ ತೋಚುವ ದೊಡ್ಡ ಉದಾಹರಣೆ ಬೆಳಗಾವಿಯ ಕೆಎಲ್ಇ ಸಂಸ್ಥೆ. 1916ರಲ್ಲಿ ಅದನ್ನು ಕಟ್ಟಿದ್ದು ಏಳು ಜನ ಶಿಕ್ಷಕರು. ಅವರನ್ನು ಸಪ್ತರ್ಷಿಗಳು ಅಂತಲೇ ಕರೆಯುತ್ತಾರೆ. ಈಗ ಸಂಸ್ಥೆಯ ಹಳೇ ಕಾಲೇಜುಗಳ ಹೆಸರು ನೋಡಿ. ಬೆಳಗಾವಿಯ ಲಿಂಗರಾಜ ಕಾಲೇಜು ಶಿರಸಂಗಿ ಲಿಂಗರಾಜ ದೇಸಾಯರ ಹೆಸರಿನದು. ರಾಜಾ ಲಖಮಗೌಡರ ಹೆಸರಲ್ಲಿ ಆರ್‌ಎಲ್‌ಎಸ್. ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜು. ಆ ದೊಡ್ಡವರು ಕೊಟ್ಟ ದಾನ ಇಲ್ಲದಿದ್ದರೆ ಕಾಲೇಜುಗಳೇ ಇರುತ್ತಿರಲಿಲ್ಲ, ಅದನ್ನು ಹಗುರ ಮಾಡೋದು ಬೇಡ. ಆದರೂ ಮೇಷ್ಟ್ರುಗಳು ಕಟ್ಟಿದ ಮನೆಗೆ ಮೇಷ್ಟ್ರುಗಳ ಹೆಸರು ಇಷ್ಟು ಕಡಿಮೆ ಯಾಕೆ ಅನ್ನೋದು ಕುತೂಹಲದ ಪ್ರಶ್ನೆ. ಬಹುಶಃ ಆ ಏಳು ಜನ ಕೇಳಲೂ ಇಲ್ಲ. ಅವರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರ ಹೆಸರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕಿದೆ. ವಚನ ಸಾಹಿತ್ಯಕ್ಕೆ ದುಡಿದವರಿಗೆ ಪುಸ್ತಕದ ಮನೆ. ಹೊಂದಿಕೊಂಡ ಹೆಸರು.

ಇನ್ನೊಂದು ತಮಾಷೆ ಗಮನಿಸಿದಿರಾ? ದಾನಿಗಳ ಹೆಸರೂ ಬೋರ್ಡಿನಲ್ಲಿ ಉಳಿಯೋದಿಲ್ಲ. ಬಿವಿಬಿ, ಆರ್‌ಎಲ್‌ಎಸ್, ಜಿ.ಎ. ಹೈಸ್ಕೂಲ್. ಜಿ.ಎ. ಅಂದರೆ ಗಿಲಗಂಚಿ ಗುರುಸಿದ್ದಪ್ಪ ಮತ್ತು ಅರಟಾಳ ರುದ್ರಗೌಡ ಅನ್ನೋ ಇಬ್ಬರು ಹಿರಿಯರು. ಬೆಳಗಾವಿಯ ಹುಡುಗನನ್ನು ನಿಲ್ಲಿಸಿ ಕೇಳಿ, 'ಜಿ.ಎ. ಅಂದ್ರ ಜಿ.ಎ. ರೀ' ಅಂದರೂ ಅಂದಾನು. ಬೆಂಗಳೂರಿನಲ್ಲೂ ಆರ್.ಸಿ. ಕಾಲೇಜು ಅನ್ನೋರಿಗೆ ಆರ್ ಯಾರು, ಸಿ ಯಾರು ಗೊತ್ತಿರಲ್ಲ. ಅಲೆಕ್ಸಾಂಡ್ರಿಯಾದ 'ಟಿ.ಸಿ.' ಕಥೆಯೇ ಇಲ್ಲೂ. ಹೆಸರು ಉದ್ದ ಆದಷ್ಟೂ ಮನುಷ್ಯ ಬೇಗ ಎರಡು ಅಕ್ಷರಕ್ಕೆ ಇಳಿಯುತ್ತಾನೆ.

ಮಂಗಳೂರಿನ ಕುದ್ಮುಲ್ ರಂಗರಾಯರ ವಿಷಯ ನೋಡಿ. 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ಶುರು ಮಾಡಿದವರು. ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ತಾನು ಓದಿಸಿದ ದಲಿತ ಮಗುವೊಂದು ದೊಡ್ಡ ಹುದ್ದೆಗೆ ಏರಿ, ಈ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಅದರ ಧೂಳು ನನ್ನ ತಲೆಗೆ ತಾಗಬೇಕು ಅಂತ ಬಯಸಿದ್ದರು. ಈಗ ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ನಾಟಕ, ಸಭೆ, ಸನ್ಮಾನ ನಡೆಯುವ ಜಾಗ. ಒಳ್ಳೆಯದೇ. ಆದರೆ ಅಲ್ಲಿ ಕಾರ್ಯಕ್ರಮ ನೋಡಿ ಹೊರಬರುವ ಎಷ್ಟು ಜನರಿಗೆ ಆ ಧೂಳಿನ ಕಥೆ ಗೊತ್ತು? ಅದೇ ಹೆಸರು ಒಂದು ದೊಡ್ಡ ಸರ್ಕಾರಿ ಶಾಲೆಯ ಗೇಟಿನ ಮೇಲಿದ್ದರೆ, ವರ್ಷಕ್ಕೊಮ್ಮೆಯಾದರೂ ಒಬ್ಬ ಮೇಷ್ಟ್ರು ಪ್ರಾರ್ಥನೆ ಹೊತ್ತಲ್ಲಿ ಅದನ್ನು ಹೇಳಲೇಬೇಕಾಗುತ್ತದೆ.

ಹೆಣ್ಣುಮಕ್ಕಳ ಶಾಲೆ, ಕಾಲೇಜುಗಳಿಗೆ ರಾಣಿಯರ ಹೆಸರು, ದೇವಿಯರ ಹೆಸರು ಸಾಕಷ್ಟಿವೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಪಾಠ ಹೇಳಿದ ಹೆಂಗಸಿಗೆ ದೊಡ್ಡ ಮಟ್ಟದಲ್ಲಿ ಇಂಥ ಗೌರವ ಸಿಕ್ಕಿದ್ದು ಪಕ್ಕದ ಮಹಾರಾಷ್ಟ್ರದಲ್ಲಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಸಾವಿತ್ರಿಬಾಯಿ ಫುಲೆಯವರ ಹೆಸರನ್ನು ಪುಣೆ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಇಟ್ಟರು. ಸಗಣಿ ಎರಚಿಸಿಕೊಂಡು ಪಾಠಕ್ಕೆ ಹೋದ ಊರಿನಲ್ಲೇ ಅವರ ಹೆಸರಿನ ವಿಶ್ವವಿದ್ಯಾಲಯ. ಅದಕ್ಕೆ ಒಂದೂವರೆ ಶತಮಾನಕ್ಕಿಂತ ಜಾಸ್ತಿ ಬೇಕಾಯಿತು.

ಈಚಿನ ನಮ್ಮ ಚರ್ಚೆ ಅಂದರೆ ಬೆಂಗಳೂರು ನಗರ ವಿಶ್ವವಿದ್ಯಾಲಯದ್ದು. 2025ರ ಮಾರ್ಚ್ ಬಜೆಟ್‌ನಲ್ಲಿ ಅದಕ್ಕೆ ಡಾ. ಮನಮೋಹನ್ ಸಿಂಗ್ ಹೆಸರಿಡುವುದಾಗಿ ಸರ್ಕಾರ ಹೇಳಿತು. ಸಿಂಗ್ ಮೇಷ್ಟ್ರೇ, ಅನುಮಾನ ಬೇಡ. ಪಂಜಾಬ್ ವಿಶ್ವವಿದ್ಯಾಲಯದಲ್ಲಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪಾಠ ಮಾಡಿದವರು. ಆದರೆ ಆ ಹೆಸರು ಬಂದದ್ದು ಮೇಷ್ಟ್ರು ಅಂತ ಅಲ್ಲ, ಪ್ರಧಾನಿ ಅಂತ. ನಾಳೆ ಬೇರೆ ಪಕ್ಷ ಬಂದರೆ ಬೇರೆ ಬಜೆಟ್ ಇರುತ್ತದೆ. ಅವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಬೆಂಗಳೂರಿನ ತರಗತಿಗಳಲ್ಲಿ ಬದುಕು ಸವೆಸಿದವರ ಒಂದು ಪಟ್ಟಿಯನ್ನಾದರೂ ಮೊದಲು ನೋಡಬಹುದಿತ್ತು ಅನ್ನಿಸಿತು, ಅಷ್ಟೇ. ಎಚ್. ನರಸಿಂಹಯ್ಯನವರ ಊರು ಇದು. ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದು ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದವರು. 'ನ್ಯಾಷನಲ್' ಅನ್ನೋ ಹೆಸರು 1917ರ ಹೋಮ್ ರೂಲ್ ಕಾಲದ್ದು, ಅದಕ್ಕೂ ಒಂದು ಕಥೆಯಿದೆ. ಅದನ್ನು ಅಳಿಸಿ ಎಚ್ಚೆನ್ ಹೆಸರು ಇಡಿ ಅಂದಿದ್ದರೆ ಮೊದಲು ಜಗಳ ತೆಗೆಯುತ್ತಿದ್ದವರು ಎಚ್ಚೆನ್ ಅವರೇ. ಹಳೇ ಹೆಸರಿಗೂ ತೂಕ ಇರುತ್ತದೆ. ಮರುನಾಮಕರಣ ಅಂದಾಗ ಏನು ಬರುತ್ತದೆ ಅನ್ನೋದರ ಜತೆ ಏನು ಹೋಗುತ್ತದೆ ಅಂತಲೂ ನೋಡಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಆ ಚಿಂತೆ ಕಡಿಮೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಪಕ್ಕದಲ್ಲಿ ಊರಿನ ಹೆಸರು. ಹೋಗೋದು ಏನೂ ಇಲ್ಲ. ಆದರೂ ಹೆಸರು ಎತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ ನಿಮಗೂ ಗೊತ್ತು. 'ಅವರು ಯಾವ ಪೈಕಿ?' ಮೇಷ್ಟ್ರು ಪಾಠ ಹೇಳುವಾಗ ಯಾರಿಗೂ ಬೇಕಿಲ್ಲದ ಜಾತಿ, ಬೋರ್ಡ್ ಬರೆಸುವಾಗ ಎದ್ದು ಕೂರುತ್ತದೆ. ಎಷ್ಟೋ ಪ್ರಸ್ತಾವಗಳು ಇಲ್ಲಿಗೇ ನಿಲ್ಲುತ್ತವೆ. ಕೊನೆಗೆ ರಾಜಿಯಾಗಿ ಯಾವ ತಕರಾರೂ ಬರದ ರಾಷ್ಟ್ರನಾಯಕರ ಹೆಸರು. ಊರಿನವರಿಗೆ ಸಮಾಧಾನ, ಶಾಲೆಗೆ ಏನೂ ಇಲ್ಲ.

ಆದೇಶದ ಹಂಗಿಲ್ಲದೆ ಹೆಸರು ಪಡೆದ ಶಾಲೆಯೂ ನಮ್ಮಲ್ಲಿದೆ. ಮಂಗಳೂರು ಹತ್ತಿರದ ಹರೇಕಳ ನ್ಯೂಪಡ್ಪು. ಅಲ್ಲಿರೋದು ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಶಾಲೆ. ಆಟೋದವರಿಗೆ ಅಷ್ಟುದ್ದ ಹೇಳಬೇಕಿಲ್ಲ. 'ಹಾಜಬ್ಬರ ಶಾಲೆ' ಅಂದರೆ ಸಾಕು.

ಹರೇಕಳ ಹಾಜಬ್ಬ ಶಾಲೆಗೆ ಹೋದವರಲ್ಲ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದರು. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳೋಕಾಗಲಿಲ್ಲ. ಆ ನಾಚಿಕೆ ನನ್ನೂರಿನ ಮಕ್ಕಳಿಗೆ ಬೇಡ ಅಂತ ಕಿತ್ತಳೆಯ ದುಡ್ಡು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು ಶಾಲೆ ತಂದರು. ಮೊದಲು ಮದರಸಾ ಕಟ್ಟಡದಲ್ಲಿ 28 ಮಕ್ಕಳು. ಆಮೇಲೆ ಜಾಗ, ಕಟ್ಟಡ, ಹೈಸ್ಕೂಲು. 2020ರ ಜನವರಿಯಲ್ಲಿ ಪದ್ಮಶ್ರೀ ಪ್ರಕಟವಾದಾಗ ಅವರು ರೇಷನ್ ಅಂಗಡಿ ಮುಂದೆ ನಿಂತಿದ್ದರು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ತೆಗೆದುಕೊಂಡರು. ಪ್ರಶಸ್ತಿ ಬಂದಾಗಲೂ ಅವರ ಬೇಡಿಕೆ ಊರಿಗೊಂದು ಪಿಯು ಕಾಲೇಜು. ಒಂದು ದಿನ ಕೂಡ ಪಾಠ ಹೇಳದ, ಒಂದು ಅಕ್ಷರ ಓದದ ಮನುಷ್ಯ. ಆದರೆ ಶಾಲೆಗೆ ಅವರ ಹೆಸರಲ್ಲದೆ ಇನ್ನು ಯಾರದು ಸರಿಹೊಂದುತ್ತದೆ ಹೇಳಿ?

ಆದರೆ ಬಾಯಿಮಾತಿನ ಹೆಸರಿಗೂ ಆಯಸ್ಸು ಇದೆ. ಹಾಜಬ್ಬರನ್ನು ಕಂಡವರು ಇರುವ ತನಕ ಅದು ನಡೆಯುತ್ತದೆ. ಎರಡು ತಲೆಮಾರು ಕಳೆದರೆ? ಅದಕ್ಕೇ ಕಾಗದ ಬೇಕಾಗುತ್ತದೆ. ಕಾಗದದ ದಾರಿ ಸ್ವಲ್ಪ ಉದ್ದ. ಸಾಮಾನ್ಯವಾಗಿ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ನಿರ್ಣಯ ಆಗಬೇಕು. ಅಲ್ಲಿಂದ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ, ಡಿಡಿಪಿಐ, ಆಯುಕ್ತರು ಅಂತ ಕಡತ ಮೇಲೆ ಹತ್ತಬೇಕು. ಜಾಗ ಕೊಟ್ಟವರ, ಕಟ್ಟಡ ಕಟ್ಟಿಸಿದವರ ಹೆಸರಾದರೆ ತೋರಿಸೋಕೆ ದಾನಪತ್ರ ಇರುತ್ತದೆ. ಮೇಷ್ಟ್ರು ಮೂವತ್ತು ವರ್ಷ ಕೊಟ್ಟಿದ್ದಕ್ಕೆ ಯಾವ ಪತ್ರ ತೋರಿಸೋದು? ಕಡತಕ್ಕೆ ಅಳೆಯೋಕೆ ಬರೋದು ಗುಂಟೆ ಮತ್ತು ಲಕ್ಷ. ದಾನಿಗಳ ಹೆಸರು ಜಾಸ್ತಿ, ಮೇಷ್ಟ್ರ ಹೆಸರು ಕಡಿಮೆ ಇರೋಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಹೆಸರು ಬದಲಾದರೆ ಮಕ್ಕಳ ದಾಖಲೆ ಗೊಂದಲ ಆಗಲ್ವಾ ಅಂತ ಕೆಲವರಿಗೆ ಭಯ. ಶಾಲೆಯ ನಿಜವಾದ ಗುರುತು ಈಗ ಯುಡೈಸ್ ಸಂಖ್ಯೆ, ಅಂದರೆ ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಡೋ ನಂಬರು. ಹನ್ನೊಂದು ಅಂಕಿ. ಮೊದಲ ಎರಡು ರಾಜ್ಯಕ್ಕೆ, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ಬ್ಲಾಕ್, ಊರು, ಕೊನೆಯ ಎರಡು ಶಾಲೆಗೆ. ಬೋರ್ಡಿನಲ್ಲಿ ಏನೇ ಬರೆದರೂ ಕಂಪ್ಯೂಟರ್ ನೋಡೋದು ಆ ಸಂಖ್ಯೆಯನ್ನು. ತೊಂದರೆ ಬರೋದು ಹಳಬರಿಗೆ. ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿಯಲ್ಲಿ ಒಂದು ಹೆಸರು, ಈಗ ತೆಗೆದ ಪ್ರಮಾಣಪತ್ರದಲ್ಲಿ ಇನ್ನೊಂದು. ವೀಸಾಕ್ಕೋ ಕೆಲಸಕ್ಕೋ ಹೋದಾಗ ಎರಡೂ ಒಂದೇ ಶಾಲೆ ಅಂತ ವಿವರಿಸಬೇಕು. ಹೊಸ ಹೆಸರಿನ ಕೆಳಗೆ ಹಳೇ ಹೆಸರನ್ನೂ ಬರೆದು, ಆದೇಶದ ಪ್ರತಿಯನ್ನು ಶಾಲೆಯಲ್ಲಿ ಇಟ್ಟರೆ ಮುಗಿಯಿತು.

ಬೋರ್ಡಿನಲ್ಲಿ ಜಾಗ ಉಳಿದಿದೆಯಾ ಅನ್ನೋದೇ ಈಗಿನ ಪ್ರಶ್ನೆ. ಕೇಂದ್ರದ ಯೋಜನೆಗೆ ಆಯ್ಕೆಯಾದರೆ ಹೆಸರಿನ ಮುಂದೆ ಪಿಎಂ ಶ್ರೀ. ರಾಜ್ಯದ್ದಾದರೆ ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಕೆಪಿಎಸ್. ಈ ಪಿಎಂ ಶ್ರೀ ಹೆಸರಿನ ಷರತ್ತಿಗೇ ಕೆಲವು ರಾಜ್ಯಗಳು ಜಗಳ ತೆಗೆದಿದ್ದವು. ಅದರ ಜತೆ ಸಣ್ಣ ಶಾಲೆಗಳನ್ನು ಹತ್ತಿರದ ಕೆಪಿಎಸ್‌ಗೆ ಸೇರಿಸುವ ಮಾತೂ ಓಡಾಡುತ್ತಿದೆ. ಶಾಲೆಯೇ ಮುಚ್ಚಿದರೆ ಹೆಸರು ಯಾವುದಾದರೇನು? ಮೇಷ್ಟ್ರ ಹೆಸರಿಗೆ ಓಡಾಡೋ ಹಳೇ ವಿದ್ಯಾರ್ಥಿಗಳು ಮೊದಲು ಹಾಜರಿ ಪುಸ್ತಕ ನೋಡಬೇಕು. ಇಪ್ಪತ್ತು ಮಕ್ಕಳೂ ಇಲ್ಲದ ಕಡೆ ಗ್ರಾನೈಟ್ ಬೋರ್ಡು ಹಾಕಿಸೋದು ಸಮಾಧಿ ಕಲ್ಲು ಹಾಕಿಸಿದ ಹಾಗೇ ಆಗುತ್ತದೆ.

ಹೆಸರು ಬದಲಿಸೋ ಉತ್ಸಾಹ ಕೈ ಮೀರಿದರೆ ಏನಾಗುತ್ತದೆ ಅಂತ ಸ್ಯಾನ್ ಫ್ರಾನ್ಸಿಸ್ಕೊ ತೋರಿಸಿತು. 2021ರ ಜನವರಿಯಲ್ಲಿ ಅಲ್ಲಿನ ಮಂಡಳಿ 44 ಶಾಲೆಗಳ ಹೆಸರನ್ನು ಒಂದೇ ಏಟಿಗೆ ತೆಗೆಯಲು ಹೊರಟಿತು. ಪಟ್ಟಿಯಲ್ಲಿ ಜಾರ್ಜ್ ವಾಷಿಂಗ್ಟನ್, ಅಬ್ರಹಾಂ ಲಿಂಕನ್ ಕೂಡ. ಇತಿಹಾಸದ ಮಾಹಿತಿಯಲ್ಲೇ ತಪ್ಪುಗಳಿದ್ದವು. ಕೋವಿಡ್‌ನಿಂದ ಶಾಲೆಗಳ ಬಾಗಿಲೇ ತೆರೆದಿರಲಿಲ್ಲ. 'ಮಕ್ಕಳು ಮನೆಯಲ್ಲಿದ್ದಾರೆ, ನೀವು ಬೋರ್ಡು ನೋಡ್ತಿದ್ದೀರಾ' ಅಂತ ಪೋಷಕರು ಸಿಟ್ಟಾದರು. ಏಪ್ರಿಲ್‌ನಲ್ಲಿ ಮಂಡಳಿ ನಿರ್ಧಾರ ವಾಪಸ್ ತೆಗೆದುಕೊಂಡಿತು. ಮುಂದಿನ ಫೆಬ್ರುವರಿಯಲ್ಲಿ ಜನ ಮತ ಹಾಕಿ ಮಂಡಳಿಯ ಮೂವರನ್ನು ಮನೆಗೆ ಕಳಿಸಿದರು. ವರ್ಜೀನಿಯಾದ ಇನ್ನೊಂದು ಕಡೆ, ಶೆನಂಡೋವಾ ಕೌಂಟಿಯಲ್ಲಿ, 2020ರಲ್ಲಿ ತೆಗೆದ, ಗುಲಾಮಗಿರಿ ಉಳಿಸೋಕೆ ಹೊರಟ ಆ ದಕ್ಷಿಣದ ರಾಜ್ಯಗಳ ಸೇನಾನಾಯಕರ ಹೆಸರುಗಳನ್ನು 2024ರ ಮೇ ತಿಂಗಳಲ್ಲಿ ಮತ್ತೆ ಇಟ್ಟರು. ಊರನ್ನು ಕೇಳದೆ ಮಾಡಿದ್ದು ಅನ್ನೋ ದೂರು ನಾಲ್ಕು ವರ್ಷ ಬೂದಿ ಮುಚ್ಚಿದ ಕೆಂಡದ ಹಾಗಿತ್ತು.

ಬದುಕಿರೋ ಮೇಷ್ಟ್ರ ಹೆಸರಿಡಬಹುದಾ? ನನಗೆ ಅಳುಕಿದೆ. ಹಾಜಬ್ಬರಂಥವರು ಬೇರೆ. ಉಳಿದ ಹಾಗೆ, ತುಂಬಾ ಪ್ರೀತಿಯ ಮೇಷ್ಟ್ರ ಬಗ್ಗೆಯೂ ಮಾತಾಡದೆ ಉಳಿದ ಒಬ್ಬ ಹುಡುಗ, ಒಬ್ಬ ಹುಡುಗಿ ಇರಬಹುದು. ಕೊನೇ ಬೆಂಚಿನಲ್ಲಿ ಕೂರಿಸಿದ್ದು, ಜಾತಿ ಎತ್ತಿ ಬೈದಿದ್ದು, ಅಥವಾ ಅದಕ್ಕಿಂತ ಕೆಟ್ಟದ್ದು. ಗುರುವಂದನೆಗೆ ಅವರು ಬಂದೇ ಇರಲ್ಲ. ಆ ಏಟಿನ ಕಥೆಗೆ ನಕ್ಕವರ ನಡುವೆ ನಗದವರನ್ನೂ ಕೇಳಬೇಕು. ಪ್ರಸ್ತಾವ ಇಟ್ಟು, ಒಂದು ವರ್ಷ ಸುಮ್ನೆ ಬಿಡೋದು ಒಳ್ಳೇದು. ಅಷ್ಟರಲ್ಲಿ ಬರೋ ಮಾತುಗಳೆಲ್ಲ ಬರುತ್ತವೆ.

ಇಡೀ ಶಾಲೆಗೆ ಆಗದಿದ್ದರೆ ಬೇರೆ ದಾರಿಗಳೂ ಇವೆ. ಗಣಿತದಲ್ಲಿ ಮೊದಲು ಬಂದವರಿಗೆ ಮೇಡಂ ಹೆಸರಲ್ಲಿ ದತ್ತಿ ಬಹುಮಾನ. ಗ್ರಂಥಾಲಯಕ್ಕೆ ಕನ್ನಡ ಮೇಷ್ಟ್ರ ಹೆಸರು. ಪ್ರೀತಿ ಇದ್ದರೆ ಬೋರ್ಡೂ ಬೇಕಿಲ್ಲ. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ಹೂವಿನ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಹೋಗಿದ್ದರು. ಯಾವ ಸರ್ಕಾರಿ ಆದೇಶವೂ ಇರಲಿಲ್ಲ. ನೂರು ವರ್ಷ ಆದಮೇಲೂ ಮೈಸೂರು ಅದನ್ನು ಮರೆತಿಲ್ಲ.

ಆದರೂ ನನ್ನ ಓಟು ಮೇಷ್ಟ್ರ ಹೆಸರಿನ ಶಾಲೆಗೇ. ಒಂದೇ ಷರತ್ತು: ಹೆಸರಿನ ಕೆಳಗೆ ಐದು ಸಾಲು ಇರಲಿ. ಯಾರು, ಎಲ್ಲಿಂದ ಬಂದರು, ಇಲ್ಲಿ ಎಷ್ಟು ವರ್ಷ, ಏನು ಮಾಡಿದರು. ಐದನೇ ತರಗತಿಯ ಮಗು ಓದೋ ಹಾಗೆ, ಕನ್ನಡದಲ್ಲಿ. ಬಿರುದು ಬೇಡ. ಆ ಐದು ಸಾಲು ಬರೆಯೋಕಾಗದಿದ್ದರೆ ಹೆಸರಿಡೋಕೂ ನಾವು ತಯಾರಾಗಿಲ್ಲ ಅಂತ ಲೆಕ್ಕ.

ನಮ್ಮ ಗುಂಪಿನಲ್ಲಿ ಕೊನೆಗೆ ಎರಡೂ ಒಪ್ಪಿದೆವು. ಶಾಲೆಗೆ ಮೇಷ್ಟ್ರು, ದತ್ತಿ ಬಹುಮಾನಕ್ಕೆ ಗಣಿತದ ಮೇಡಂ. ಎಸ್‌ಡಿಎಂಸಿಗೆ ಕೊಡೋ ಅರ್ಜಿ ಬರೆಯೋಕೆ ಕೂತಾಗ ಮೊದಲ ಸಾಲಿಗೇ ಪೆನ್ನು ನಿಂತಿತು. ಮೇಷ್ಟ್ರ ಪೂರ್ತಿ ಹೆಸರು ಏನು? ನಾವೆಲ್ಲ ಅವರನ್ನು ಎರಡು ಇನಿಶಿಯಲ್‌ನಿಂದಲೇ ಕರೆದವರು. ಏಳು ವರ್ಷ ಪಾಠ ಕೇಳಿದ ನಲವತ್ತಮೂರು ಜನ ಗುಂಪಿನಲ್ಲಿದ್ದೆವು, ಒಬ್ಬರಿಗೂ ಗೊತ್ತಿರಲಿಲ್ಲ. ಜಿ.ಎ. ಬಗ್ಗೆ ನಕ್ಕವನು ನಾನು.

ನಾನೇ ಫೋನ್ ಮಾಡಿದೆ. 'ಸಾರ್, ನಿಮ್ಮ ಇನಿಶಿಯಲ್ ಬಿಡಿಸಿ ಹೇಳ್ತೀರಾ?' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅದೇ ಹಳೇ ದನಿ:

'ಯಾಕೋ, ಮತ್ತೆ ಟಿ.ಸಿ. ಕಳ್ಕೊಂಡ್ಯಾ?'